ಕರೆಂಟ್ ಹೋಗಿ ಬಂದಾಗ ಯುಎಸ್‌ಬಿ ಸಾಧನಗಳ ಹೆಸರು ಅದಲುಬದಲಾಗುವುದೇಕೆ?

ಮೂಡಿಗೆರೆಯ ಕಾಫಿ ತೋಟದ ಲಿನಕ್ಸ್ ಕಂಪ್ಯೂಟರಿಗೆ ಮಳೆಮಾಪಕ, ತೂಕದ ಯಂತ್ರ ಎರಡನ್ನೂ ಯುಎಸ್‌ಬಿ-ಸೀರಿಯಲ್ ಕೇಬಲಿನಲ್ಲಿ ಜೋಡಿಸಿದ್ದೀರಿ. ಕರೆಂಟ್ ಹೋಗಿ ಬಂದರೆ ಲಿನಕ್ಸ್ ಇವುಗಳಿಗೆ ಕೊಟ್ಟ ಟಿಟಿವೈಯುಎಸ್‌ಬಿ0, ಟಿಟಿವೈಯುಎಸ್‌ಬಿ1 ಎಂಬ ಹೆಸರುಗಳು ಅದಲುಬದಲಾಗಿ ಹಣ್ಣಿನ ತೂಕ ಮಳೆಯ ಲೆಕ್ಕಕ್ಕೆ ಸೇರುತ್ತಿದೆ ಎಂದಿದ್ದೀರಿ. ಕೇಬಲ್ ಕೆಟ್ಟಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಮೊದಲು ಸಿಕ್ಕ ಸಾಧನಕ್ಕೆ 0, ಆಮೇಲೆ ಸಿಕ್ಕಿದ್ದಕ್ಕೆ 1 ಕೊಡುತ್ತದೆ, ಅಷ್ಟೇ. ಆ ಅಂಕಿ ನಂಬಿ ಪ್ರೋಗ್ರಾಂ ಬರೆಯಲೇಬಾರದು.

ಸ್ಥಿರ ಹೆಸರು ಕೊಡುವ ಕೆಲಸ ಯೂಡೆವ್‌ನದು, ಅಂದರೆ ಲಿನಕ್ಸಿನಲ್ಲಿ ಸಾಧನಗಳನ್ನು ನೋಡಿಕೊಳ್ಳುವ ಪ್ರೋಗ್ರಾಮಿನದು. ಡೆವ್ ಎಂಬ ಸಾಧನಗಳ ಫೋಲ್ಡರಿನ ಒಳಗಿನ ಸೀರಿಯಲ್ ಫೋಲ್ಡರಿನಲ್ಲಿ ಬೈ-ಐಡಿ (ಸಾಧನದ ಗುರುತಿನ ಹೆಸರು), ಬೈ-ಪಾತ್ (ಚುಚ್ಚಿದ ಪೋರ್ಟಿನ ಹೆಸರು) ಎಂಬ ಎರಡು ಫೋಲ್ಡರುಗಳನ್ನು ಅದೇ ಮಾಡಿಟ್ಟಿರುತ್ತದೆ. ಎಫ್‌ಟಿಡಿಐ ಚಿಪ್ಪಿನ ಕೇಬಲುಗಳಿಗೆ ಸಾಮಾನ್ಯವಾಗಿ ಬೇರೆಬೇರೆ ಸೀರಿಯಲ್ ನಂಬರ್ ಇರುತ್ತದೆ, ಬೈ-ಐಡಿ ಸಾಕು. ಅಗ್ಗದ ಸಿಎಚ್340 ಚಿಪ್ಪಿನ ಕೇಬಲುಗಳಲ್ಲಿ ಹೆಚ್ಚಾಗಿ ಆ ನಂಬರೇ ಇರುವುದಿಲ್ಲ. ಎರಡೂ ಅದೇ ಜಾತಿಯವಾದರೆ ಬೈ-ಐಡಿಯಲ್ಲಿ ಒಂದೇ ಹೆಸರು ಕಾಣುತ್ತದೆ. ಆಗ ಯಾವ ಪೋರ್ಟಿಗೆ ಚುಚ್ಚಿದ್ದೀರಿ ಎಂಬುದೊಂದೇ ಗುರುತು. ಬೈ-ಪಾತ್ ಬಳಸಿ, ಪೋರ್ಟಿನ ಪಕ್ಕ ಚೀಟಿ ಅಂಟಿಸಿ, ಕೇಬಲ್ ಕಿತ್ತು ಬೇರೆ ಕಡೆ ಹಾಕಬೇಡಿ ಎಂದು ತೋಟದ ರೈಟರಿಗೂ ಹೇಳಿಡಿ. ಇದು ಮುಖ್ಯ.

ಸಾಧನಕ್ಕೆ ನಿಮಗಿಷ್ಟದ ಹೆಸರು ಬೇಕಿದ್ದರೆ ಯೂಡೆವ್ ರೂಲ್ಸ್ ಫೈಲಿನಲ್ಲಿ ಒಂದೊಂದು ಸಾಧನಕ್ಕೆ ಒಂದೊಂದು ಸಿಮ್‌ಲಿಂಕ್ (ಅದೇ ಸಾಧನಕ್ಕೆ ಇನ್ನೊಂದು ಹೆಸರು) ಸಾಲು ಬರೆದರಾಯಿತು. ಹಾರ್ಡ್‌ಡಿಸ್ಕಿಗೂ ಇದೇ ತೊಂದರೆ ಬರಬಹುದು. ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಎಸ್‌ಡಿಎ1 ಎನ್ನುವ ಬದಲು ಯುಯುಐಡಿ, ಅಂದರೆ ಡಿಸ್ಕಿನ ಆ ಭಾಗದ ಸ್ಥಿರ ಗುರುತು ಕೊಡಿ.