1783ರ ಮಂಗಳೂರು–ಕುಂದಾಪುರ ಕರಾವಳಿಯ ಸ್ಟ್ರಾಟಜಿ ಗೇಮ್ ಮಾಡುತ್ತಿದ್ದೇನೆ. ಸ್ಕ್ರೀನ್‌ಶಾಟ್ ನೋಡಿ ಬಿಡಿಸಿದ ಮ್ಯಾಪಿನಲ್ಲಿ ದಂಡು ತೀರಾ ಬೇಗ ಸಾಗುತ್ತದೆ, ಘಟ್ಟವನ್ನೂ ಸಲೀಸಾಗಿ ಹತ್ತುತ್ತದೆ. ಮ್ಯಾಪನ್ನು ನಿಜವಾದ ಭೂಗೋಳಕ್ಕೆ ಹೊಂದಿಸುವುದು ಹೇಗೆ?

ನೀವು ಎರಡು ತೊಂದರೆ ಹೇಳಿದ್ದೀರಿ: ಕುಂದಾಪುರದಿಂದ ಹೊರಟ ದಂಡು ಎರಡೇ ದಿನದಲ್ಲಿ ಮಂಗಳೂರು ತಲುಪುತ್ತದೆ, ಮತ್ತೆ ಘಟ್ಟವನ್ನು ಎಲ್ಲಿ ಬೇಕಾದರೂ ಹತ್ತಬಹುದು. ಕಡಲ ತೀರದ ಗೆರೆಯನ್ನು ಇನ್ನೂ ಚಂದ ಬಿಡಿಸಿದರೆ ಇವೆರಡೂ ಸರಿಹೋಗುವುದಿಲ್ಲ. ಇಲ್ಲಿ ದಂಡನ್ನು ತಡೆದು ನಿಲ್ಲಿಸುವುದು ಹೊಳೆ, ಘಟ್ಟ, ಮಳೆ. ಮ್ಯಾಪಿನ ಕೆಲಸದಲ್ಲಿ ಹೆಚ್ಚಿನ ಸಮಯ ಅವಕ್ಕೇ ಹೋಗಬೇಕು.

ಬುನಾದಿ ಬೇಗ ಮುಗಿಯುತ್ತದೆ. ಸ್ಕ್ರೀನ್‌ಶಾಟ್ ಬಿಟ್ಟು ಕ್ಯೂಜಿಐಎಸ್ ಹಾಕಿಕೊಳ್ಳಿ, ಅದು ನಕ್ಷೆ ಮಾಡುವ ಉಚಿತ ತಂತ್ರಾಂಶ. ಎತ್ತರಕ್ಕೆ ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ನೆಲದ ಎತ್ತರ) 30 ಮೀಟರ್ ದತ್ತಾಂಶದ ನಾಲ್ಕು ಚೌಕ ಸಾಕು: ಎನ್12ಇ074, ಎನ್12ಇ075, ಎನ್13ಇ074, ಎನ್13ಇ075. ನಾಲ್ಕನ್ನೂ ಮರ್ಜ್ ಮಾಡಿ, ಇಪಿಎಸ್‌ಜಿ 32643ಕ್ಕೆ, ಅಂದರೆ ಯುಟಿಎಂ 43 ಉತ್ತರ ವಲಯದ ಪ್ರಕ್ಷೇಪಕ್ಕೆ (ಗುಂಡಗಿನ ಭೂಮಿಯನ್ನು ಮೀಟರ್ ಲೆಕ್ಕದ ಚಪ್ಪಟೆ ಮ್ಯಾಪಿಗೆ ಇಳಿಸುವ ಕ್ರಮಕ್ಕೆ) ಬದಲಿಸಿ. ಈ ವಲಯದ ನಡುಗೆರೆಯಾದ 75° ರೇಖಾಂಶ ನಿಮ್ಮ ಮ್ಯಾಪಿನ ಒಳಗೇ ಹಾದುಹೋಗುವುದರಿಂದ ದೂರದ ತಪ್ಪು ಲೆಕ್ಕಕ್ಕೆ ಬರುವಷ್ಟಿಲ್ಲ.

ಇನ್ನು ಮ್ಯಾಪನ್ನು ಹೆಕ್ಸ್‌ಗಳಾಗಿ, ಅಂದರೆ ಆರು ಬದಿಯ ಮನೆಗಳಾಗಿ ಹಂಚಬೇಕು. ಹೆಕ್ಸಿನ ಎದುರುಬದುರು ಬದಿಗಳ ನಡುವಿನ ಅಳತೆಗೆ ನಾನು 4 ಕಿ.ಮೀ. ಹೇಳುತ್ತೇನೆ. ಹಾಗಾದರೆ ಒಂದು ಹೆಕ್ಸ್ ಸುಮಾರು 13.9 ಚದರ ಕಿ.ಮೀ., ಹಳೆಯ ಅವಿಭಜಿತ ದಕ್ಷಿಣ ಕನ್ನಡದಷ್ಟು ಜಾಗಕ್ಕೆ ಸುಮಾರು 600 ಹೆಕ್ಸ್. 10 ಕಿ.ಮೀ. ಇಟ್ಟರೆ ನೂರರ ಒಳಗೇ ಮುಗಿದು, ಮಂಗಳೂರು–ಉಡುಪಿ ನಡುವೆ ಐದೇ ಹೆಜ್ಜೆ ಉಳಿಯುತ್ತದೆ. ಹೊಳೆಗಳನ್ನು ಕೂರಿಸಲು ಜಾಗವಿರುವುದಿಲ್ಲ. ಕ್ಯೂಜಿಐಎಸ್ಸಿನ ಕ್ರಿಯೇಟ್ ಗ್ರಿಡ್‌ನಲ್ಲಿ ಹೆಕ್ಸಗನ್ ಆರಿಸಿ ಲಂಬ ಅಂತರ 4000 ಕೊಡಿ. ಅಳತೆಯನ್ನು ಅದು ಡಿಗ್ರಿಯಲ್ಲಿ ಕೇಳಿದರೆ ಪ್ರಕ್ಷೇಪ ಬದಲಾಗಿಲ್ಲ ಎಂದರ್ಥ, ಹಿಂದಕ್ಕೆ ಹೋಗಿ ಸರಿಮಾಡಿ. ಹೆಕ್ಸಿನ ಚಪ್ಪಟೆ ಬದಿ ಉತ್ತರ–ದಕ್ಷಿಣಕ್ಕೆ ಇರಲಿ. ಹೆಕ್ಸ್ ಎಣಿಕೆಯಲ್ಲಿ ದಿಕ್ಕಿಗೆ ತಕ್ಕಂತೆ ದೂರ 15%ವರೆಗೆ ಹಿಗ್ಗುತ್ತದೆ. ನಮ್ಮ ಮುಖ್ಯ ದಾರಿ ಕಡಲಿಗೆ ಸಮಾನಾಂತರವಾಗಿರುವುದರಿಂದ ಹೀಗೆ ಇಟ್ಟರೆ ತಪ್ಪು ಕಡಿಮೆ.

ಈಗ ಘಟ್ಟ. ಕ್ಯೂಜಿಐಎಸ್ಸಿನ ಜೋನಲ್ ಸ್ಟಾಟಿಸ್ಟಿಕ್ಸ್‌ನಲ್ಲಿ ಪ್ರತಿ ಹೆಕ್ಸಿನ ಸರಾಸರಿ ಎತ್ತರ ಮಾತ್ರ ತೆಗೆದರೆ ಘಟ್ಟ ಕರಗಿಹೋಗುತ್ತದೆ. ಸೋಮೇಶ್ವರದ ಬುಡದಿಂದ ಆಗುಂಬೆಯ ನೆತ್ತಿಗೆ ಸುಮಾರು 500 ಮೀಟರ್ ಏರು ಒಂದೆರಡು ಹೆಕ್ಸಿನೊಳಗೆ ಮುಗಿಯುತ್ತದೆ. ಸರಾಸರಿಯಲ್ಲಿ ಅದು ಸಾಧಾರಣ ಗುಡ್ಡೆಯಂತೆ ಕಾಣುತ್ತದೆ. ನಿಮ್ಮ ದಂಡು ಎಲ್ಲೆಂದರಲ್ಲಿ ಹತ್ತಲು ಇದೇ ಕಾರಣ. ಸರಾಸರಿಯ ಜೊತೆಗೆ ರೇಂಜ್, ಅಂದರೆ ಹೆಕ್ಸಿನೊಳಗಿನ ಅತಿ ಎತ್ತರ–ಅತಿ ತಗ್ಗಿನ ವ್ಯತ್ಯಾಸವನ್ನೂ ತೆಗೆಯಿರಿ. ರೇಂಜ್ 100 ಮೀಟರಿಗೆ ಕಡಿಮೆ ಇದ್ದರೆ ಕರಾವಳಿ, 300ರವರೆಗೆ ಬುಡದ ಗುಡ್ಡೆ, ಅದಕ್ಕೂ ಹೆಚ್ಚಾದರೆ ಘಟ್ಟ ಎಂದು ಶುರುಮಾಡಿ, ಕಣ್ಣಿಗೆ ತಪ್ಪೆನಿಸಿದಲ್ಲಿ ಕೈಯಿಂದ ತಿದ್ದಿ. ಆಮೇಲೆ ಘಟ್ಟದ ಅಂಚನ್ನು ಹೆಕ್ಸಿನ ಬದಿಗಳ ಮೇಲೆ ದಾಟಲಾಗದ ಗೋಡೆಯಾಗಿ ಎಳೆದು, ಘಾಟಿ ಇದ್ದಲ್ಲಿ ಮಾತ್ರ ಬಾಗಿಲು ತೆರೆಯಿರಿ. ಇವತ್ತಿನ ಹೆದ್ದಾರಿ ಘಾಟಿಗಳನ್ನೆಲ್ಲ ತೆರೆಯಬೇಡಿ. ಹೊಸಂಗಡಿ ಘಾಟಿ ಇರಲೇಬೇಕು: 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್ ಕುಂದಾಪುರ ಹಿಡಿದು ಘಟ್ಟದ ಮೇಲಿನ ಬಿದನೂರಿಗೆ ಏರಿದ್ದು ಆ ದಾರಿಯಲ್ಲೇ. ಬಯಲಿನ ಅಗಲವೂ ಎಲ್ಲ ಕಡೆ ಒಂದೇ ಅಲ್ಲ. ಮಂಗಳೂರಿನಿಂದ ಚಾರ್ಮಾಡಿಗೆ ನೇರ ಗೆರೆಯಲ್ಲಿ 70 ಕಿ.ಮೀ. ಆಸುಪಾಸು, ಆಗುಂಬೆಯಿಂದ ಕಡಲಿಗೆ ಸುಮಾರು 40. ಬೈಂದೂರಿನತ್ತ ಇನ್ನೂ ಇಕ್ಕಟ್ಟು. ಮ್ಯಾಪ್ ಹೀಗೆ ಉತ್ತರಕ್ಕೆ ಕಿರಿದಾಗುತ್ತ ಹೋಗದಿದ್ದರೆ ಎಲ್ಲೋ ತಪ್ಪಿದೆ.

ಹೊಳೆಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪಿನ ಗೆರೆ ತೆಗೆದು, ಹತ್ತಿರದ ಹೆಕ್ಸ್ ಬದಿಗೆ ಕೂರಿಸಿ. ತೋಡುಗಳನ್ನು ಬಿಡಿ. ಮಂಗಳೂರಿನಿಂದ ಕುಂದಾಪುರಕ್ಕೆ ತೀರದ ದಾರಿಯಲ್ಲಿ ಗುರುಪುರ, ನಂದಿನಿ, ಶಾಂಭವಿ, ಉದ್ಯಾವರ, ಸ್ವರ್ಣಾ, ಸೀತಾ ಎಂದು ಆರು ಹೊಳೆ ಅಡ್ಡ ಬರುತ್ತವೆ. ನೇರ ದೂರ ಸುಮಾರು 86 ಕಿ.ಮೀ., ಅಂದರೆ 21–22 ಹೆಕ್ಸ್. ದಿನಕ್ಕೆ ನಾಲ್ಕು ಹೆಕ್ಸ್ ನಡೆದರೆ ಐದೂವರೆ ದಿನ; ಪ್ರತಿ ಕಡವಿಗೆ ಅರ್ಧ ದಿನ ಸೇರಿಸಿದರೆ ಎಂಟೂವರೆ. ನಿಮ್ಮ ಎರಡು ದಿನದ ತೊಂದರೆ ಇಲ್ಲಿಗೆ ತೀರುತ್ತದೆ. ಹೊಳೆಯ ಮೇಲ್ಭಾಗದಲ್ಲಿ ಬೇಸಿಗೆಯಲ್ಲಿ ನಡೆದು ದಾಟಲು ಬಿಡಿ, ಅಳಿವೆಯ ಹತ್ತಿರ ಬೇಡ. ಬೆಂಗ್ರೆ, ಕೋಡಿಬೆಂಗ್ರೆಯಂಥ ಮರಳಿನ ನಾಲಿಗೆಗಳು 4 ಕಿ.ಮೀ. ಹೆಕ್ಸಿನಲ್ಲಿ ಮಾಯವಾಗುತ್ತವೆ. ಅವನ್ನು ದಪ್ಪ ಮಾಡಿ ತೋರಿಸುವುದಕ್ಕಿಂತ ‘ಹಡಗು ಒಳಬರಲು ಅಳಿವೆಯೊಂದೇ ದಾರಿ’ ಎಂಬ ನಿಯಮ ಇಡುವುದು ಒಳ್ಳೆಯದು. ಕುದ್ರುಗಳಿಗೂ (ಹೊಳೆಯ ನಡುವಿನ ದ್ವೀಪಗಳಿಗೂ) ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಿಗೂ ಒಂದು ಗುರುತು ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆಯೇ ನಿಯಮ ಬರೆಯಿರಿ: ಹಾಯಿಹಡಗಿಗೆ ಕಡಲು ಮುಚ್ಚಿದಂತೆ, ಬೈಲು ಗದ್ದೆಯ ಹೆಕ್ಸಿಗೆ ಇಮ್ಮಡಿ ಸಮಯ, ಬೋಳು ಮುರಕಲ್ಲಿನ ಗುಡ್ಡೆಗೆ ಮಾತ್ರ ಮಾಮೂಲು. ಟಿಪ್ಪು ಮಂಗಳೂರಿಗೆ ಹಾಕಿದ ಮುತ್ತಿಗೆ 1783ರ ಮೇಯಿಂದ 1784ರ ಜನವರಿವರೆಗೆ, ಇಡೀ ಮಳೆಗಾಲ ದಾಟಿ ನಡೆಯಿತು. ಮಳೆ ಇಲ್ಲದ ಮ್ಯಾಪಿನಲ್ಲಿ ಆ ಮುತ್ತಿಗೆ ಅರ್ಥವಾಗುವುದೇ ಇಲ್ಲ.

ಎತ್ತರದ ದತ್ತಾಂಶ 2000ನೇ ಇಸವಿಯ ಫೆಬ್ರವರಿಯದ್ದು, ಆದ್ದರಿಂದ ಹೊಸಕಾಲದ್ದನ್ನು ಅಳಿಸಬೇಕು. ಪಣಂಬೂರಿನ ಬಂದರು 1970ರ ದಶಕದ್ದು. ಲಿಂಗನಮಕ್ಕಿ (1964) ಮತ್ತು ಮಾಣಿ ಜಲಾಶಯಗಳು ಸಪಾಟು ನೆಲದಂತೆ ಕಾಣುತ್ತವೆ. ಅಲ್ಲಿ ಕಣಿವೆಯನ್ನು ಕೈಯಿಂದ ಕೊರೆಯಿರಿ. ಗಡಾಯಿಕಲ್ಲು ಬಂಡೆಯಾಗಿಯೇ ಇರಲಿ, ಅದರ ಮೇಲೆ ಜಮಾಲಾಬಾದ್ ಕೋಟೆ ಬಂದದ್ದು 1794ರಲ್ಲಿ. ರೇಡಾರ್ ಮರದ ತಲೆಯನ್ನೂ ನೆಲವೆಂದು ಅಳೆಯುವುದರಿಂದ ಹೊಳೆಬದಿಯ ತೆಂಗಿನ ತೋಟ ದಿಬ್ಬದಂತೆ ಬರುತ್ತದೆ. ಕರಾವಳಿಯಲ್ಲಿ ನಾಲ್ಕೈದು ಮೀಟರಿನ ವ್ಯತ್ಯಾಸವನ್ನು ನಂಬಬೇಡಿ.

3ಡಿ ತೋರಿಸುವುದಾದರೆ ಹೈಟ್‌ಮ್ಯಾಪ್ (ಎತ್ತರವನ್ನು ಬೂದು ಛಾಯೆಯಲ್ಲಿ ಹೇಳುವ ಚಿತ್ರ) 16 ಬಿಟ್ ಇರಬೇಕು. ಕುದುರೆಮುಖ 1,890 ಮೀಟರ್ ಆಸುಪಾಸು. 8 ಬಿಟ್‌ನಲ್ಲಿ ಇರುವುದು 256 ಮೆಟ್ಟಿಲು, ಆದ್ದರಿಂದ ಒಂದು ಮೆಟ್ಟಿಲೇ 7.4 ಮೀಟರ್ ಆಗಿ ತೀರದ ಬಯಲು ತಟ್ಟೆಯಾಗುತ್ತದೆ. ಕಡಲು ಸೊನ್ನೆಯಲ್ಲೇ ಇರುವುದರಿಂದ ನೀರಿನ ಪದರ ಹಾಕಿದಾಗ ಬೈಲುಗಳೂ ಮುಳುಗಬಹುದು. ತೀರದ ಗೆರೆಯಿಂದ ಪಡುವಣ ಭಾಗವನ್ನು ಮೈನಸ್ 20ಕ್ಕೆ ಇಳಿಸಿ, ನೀರನ್ನು ಮೈನಸ್ 1ಕ್ಕೆ ಇಡಿ. ಗೇಮ್ ಎಂಜಿನ್‌ಗೆ ಹಾಕಿದ ಮೇಲೆ ಕುಂದಾಪುರ ತೆಂಕಿಗೆ ಬಂದಿದ್ದರೆ ಫೈಲು ತಲೆಕೆಳಗಾಗಿದೆ. ಫ್ಲಿಪ್ ವರ್ಟಿಕಲಿ ಒತ್ತಿದರೆ ಸರಿಯಾಗುತ್ತದೆ.