ತಪಸ್ಸುಕಾಲದಲ್ಲಿ ಕಾಫಿ ಬಿಟ್ಟು ಸಿಡುಕು ಹೆಚ್ಚಿದರೆ

ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳಾದ ತಪಸ್ಸುಕಾಲಕ್ಕೆಂದು ಕಾಫಿ, ಮಾಂಸ ಎರಡೂ ಬಿಟ್ಟೆ, ಮೂರೇ ದಿನಕ್ಕೆ ತಲೆನೋವು, ಮನೆಯವರ ಮೇಲೆ ಸಿಡುಕು, ಇದರಲ್ಲಿ ಪ್ರೀತಿ ಎಲ್ಲಿ ಬೆಳೆಯಿತು ಅಂತ ಕೇಳಿದ್ದೀರಿ.

ತಲೆನೋವಿಗೆ ಕಾರಣ ಭಕ್ತಿಯ ಕೊರತೆಯಲ್ಲ, ಕೆಫೀನ್ ನಿಂತದ್ದು. ಒಮ್ಮೆಲೇ ಬಿಟ್ಟರೆ 12ರಿಂದ 24 ಗಂಟೆಯೊಳಗೆ ಶುರುವಾಗಿ ವಾರದವರೆಗೂ ಕಾಡಬಹುದು. ಎರಡು ದಿನಕ್ಕೊಮ್ಮೆ ಒಂದೊಂದು ಲೋಟ ಕಡಿಮೆ ಮಾಡುತ್ತ ಬನ್ನಿ. ಬೆಳಗಿನದೊಂದು ಉಳಿದರೂ ಪಾಪವಿಲ್ಲ. ಕಥೋಲಿಕ ಧರ್ಮಸಭೆ ಕಡ್ಡಾಯ ಮಾಡಿರುವ ಉಪವಾಸ ಎರಡೇ ದಿನ, ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ: ಒಂದು ಪೂರ್ತಿ ಊಟ, ಎರಡು ಸಣ್ಣ ತಿಂಡಿ. ಅದೂ 18ರಿಂದ 59 ವರ್ಷದವರಿಗೆ. ಇನ್ನು ಮಾಂಸದ ಮಾತು: ಪಂದಿಕರಿ (ಹಂದಿ ಮಾಂಸದ ಸಾರು) ಬಿಟ್ಟು ದುಬಾರಿ ಅಂಜಲ್ ಮೀನು ತಂದು ಹುರಿದರೆ ಅದೇನು ತ್ಯಾಗ ಹೇಳಿ!

ಬಿಟ್ಟದ್ದು ಇನ್ನೊಬ್ಬರಿಗೆ ತಲುಪಬೇಕು. ದಿನಕ್ಕೆ 30 ರೂಪಾಯಿ ಉಳಿದರೆ, ಭಾನುವಾರ ಬಿಟ್ಟು 40 ದಿನಕ್ಕೆ 1,200. ಆ ದಿನದ್ದು ಆ ದಿನವೇ ಡಬ್ಬಿಗೆ ಹಾಕಿ, ಕೊನೆಗೆ ಒಟ್ಟಿಗೆ ಅಂದರೆ ಆಗದ ಮಾತು. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಮಗುವಿನ ಪುಸ್ತಕಕ್ಕೆ ಕೊಡಿ, ಯಾರು ಕೊಟ್ಟರೆಂದು ತಿಳಿಯಬೇಕಿಲ್ಲ. ಉಪವಾಸದಲ್ಲಿ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆಯಿರಿ ಅಂತ ಬೈಬಲ್‌ನ ಮತ್ತಾಯ 6ನೇ ಅಧ್ಯಾಯದಲ್ಲಿ ಇರುವುದೂ ಇದಕ್ಕೇ, ಮಾಡಿದ್ದು ಜನರಿಗೆ ಕಾಣದಿರಲಿ ಅಂತ.

ಹಣಕ್ಕಿಂತ ಕಷ್ಟದ್ದು ಸಮಯ. ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿಸಿ, ಹಾಸಿಗೆ ಹಿಡಿದ ನೆರೆಯವರೊಬ್ಬರ ಹತ್ತಿರ ಅರ್ಧ ಗಂಟೆ ಕೂತು ಬನ್ನಿ. ಮೊಬೈಲ್ ಮನೆಯಲ್ಲೇ ಇರಲಿ.