ಬೆಳಿಗ್ಗೆ ಡಿ ಹಿಡಿಯೋಕೆ ತಡ, 60ರಲ್ಲಿ ನಡುಕ: ಆಟೊಮ್ಯಾಟಿಕ್ ಗಾಡಿಯ ಗೇರ್ ಆಯಿಲ್ ಬದಲಿಸಬೇಕಾ, ಮುಟ್ಟದೆ ಬಿಡಬೇಕಾ?

ನಿಮ್ಮದು ಸೆಕೆಂಡ್ ಹ್ಯಾಂಡ್ ಡೀಸೆಲ್ ಎಸ್‌ಯುವಿ, 1.1 ಲಕ್ಷ ಕಿ.ಮೀ. ಓಡಿದೆ, ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಗೇರ್‌ಬಾಕ್ಸ್. ಬೆಳಿಗ್ಗೆ ಡಿಗೆ, ಅಂದರೆ ಡ್ರೈವ್‌ಗೆ ಹಾಕಿದರೆ ಎರಡು ಸೆಕೆಂಡ್ ಏನೂ ಆಗುವುದಿಲ್ಲ, ಆಮೇಲೆ ಧಡ್ ಅಂತ ಹಿಡಿಯುತ್ತದೆ. ರಸ್ತೆಯಲ್ಲಿ 60-70ರ ವೇಗಕ್ಕೆ ಬಂದಾಗ ಸಣ್ಣ ನಡುಕ. ಒಬ್ಬ ಮೆಕ್ಯಾನಿಕ್ ಆಯಿಲ್ ಬದಲಿಸಿ ಅಂದರು, ಇನ್ನೊಬ್ಬರು ಇಷ್ಟು ಓಡಿದ ಮೇಲೆ ಮುಟ್ಟಿದರೆ ಬಾಕ್ಸೇ ಹೋಗುತ್ತೆ ಅಂದರು. ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ.

ನಾನು ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಕೆಲಸದವನು. ನನಗೆ ಕಾಣುವುದು ಇದು: ನಿಮ್ಮ ಗಾಡಿಗೆ ಇರುವುದು ಒಂದು ತೊಂದರೆಯಲ್ಲ, ಎರಡು. ಎರಡನ್ನೂ ಒಂದೇ ಗಂಟು ಕಟ್ಟಿ ‘ಆಯಿಲ್ ಬದಲಿಸಬೇಕಾ ಬೇಡವಾ’ ಅಂತ ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡೋಕಾಗಲ್ಲ.

ಮೊದಲು ಬೆಳಗಿನ ತಡ. ಈ ಬಾಕ್ಸ್‌ನಲ್ಲಿ ಗೇರ್ ಹಿಡಿಸುವುದೇ ಆಯಿಲ್‌ನ ಒತ್ತಡ. ಪಂಪ್ ಒತ್ತಡ ಕೊಡಬೇಕು, ಆ ಒತ್ತಡ ಕ್ಲಚ್ ಪ್ಲೇಟ್‌ಗಳನ್ನು ಅದುಮಬೇಕು, ಆಗಲೇ ಗಾಡಿ ಅಲುಗುವುದು. ತಡ ಅಂದರೆ ಒತ್ತಡ ನಿಧಾನವಾಗಿ ಬರುತ್ತಿದೆ ಅಂತ ಅರ್ಥ. ಆಯಿಲ್ ಕಡಿಮೆ ಇರಬಹುದು, ಫಿಲ್ಟರ್ ಕಟ್ಟಿರಬಹುದು, ರಾತ್ರಿಯೆಲ್ಲ ನಿಂತಾಗ ಕನ್ವರ್ಟರ್‌ನಲ್ಲಿದ್ದ ಆಯಿಲ್ ಕೆಳಗೆ ಇಳಿದಿರಬಹುದು, ಇಲ್ಲಾ ಒಳಗಿನ ರಬ್ಬರ್ ಸೀಲ್ ಗಟ್ಟಿಯಾಗಿರಬಹುದು.

ಇದನ್ನು ನೀವೇ ಸ್ವಲ್ಪ ಮಟ್ಟಿಗೆ ಕಂಡುಹಿಡಿಯಬಹುದು. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡಿ ಒಂದು ನಿಮಿಷ ಪಿಯಲ್ಲೇ (ಪಾರ್ಕ್) ಬಿಡಿ. ಆಮೇಲೆ ಡಿಗೆ ಹಾಕಿ. ತಡ ಮಾಯವಾದರೆ ಕನ್ವರ್ಟರ್‌ನಿಂದ ಆಯಿಲ್ ಇಳಿಯುತ್ತಿದೆ ಅನ್ನಬಹುದು. ಇದು ಕಿರಿಕಿರಿಯೇ ಹೊರತು ದೊಡ್ಡ ಅಪಾಯವಲ್ಲ. ತಡ ಹಾಗೇ ಇದ್ದರೆ ಆರ್‌ಗೂ (ರಿವರ್ಸ್) ಹಾಕಿ ನೋಡಿ. ಎರಡಕ್ಕೂ ತಡವಾದರೆ ಲೆವೆಲ್, ಫಿಲ್ಟರ್, ಪಂಪ್ ಕಡೆ ಅನುಮಾನ. ಡಿಗೆ ಮಾತ್ರ ತಡವಾದರೆ ಆ ಕ್ಲಚ್‌ನ ಸೀಲ್. ಇನ್ನೊಂದು ಗಮನಿಸಿ. ಬಿಸಿಯಾದ ಮೇಲೆ ಸರಿಹೋಗುತ್ತದೆ ಅಂದರೆ ಸೀಲ್ ಗಟ್ಟಿಯಾಗಿರುವ ಲಕ್ಷಣ. ಬಿಸಿಯಾದ ಮೇಲೆ ಇನ್ನೂ ಕೆಡುತ್ತದೆ ಅಂದರೆ ಒಳಗೆ ಎಲ್ಲೋ ಸವೆದು ಒತ್ತಡ ಸೋರುತ್ತಿದೆ. ಅದು ಖರ್ಚಿನ ವಿಷಯ.

ಲೆವೆಲ್ ನೋಡುವುದರಲ್ಲೇ ಅರ್ಧ ಗ್ಯಾರೇಜ್‌ನವರು ಎಡವುತ್ತಾರೆ. ಎಂಜಿನ್ ಆಯಿಲ್ ನೋಡಿದ ಹಾಗೆ ಆಫ್ ಮಾಡಿ ನೋಡಿದರೆ ಲೆವೆಲ್ ಜಾಸ್ತಿ ತೋರಿಸುತ್ತದೆ, ಯಾಕೆಂದರೆ ಮೇಲಿನ ಆಯಿಲ್ ಎಲ್ಲ ಬಾಕ್ಸ್‌ನ ತಳದ ತಟ್ಟೆಗೆ, ಅಂದರೆ ಪ್ಯಾನ್‌ಗೆ ಇಳಿದಿರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ, ಬಾಕ್ಸ್ ಬಿಸಿಯಾದ ಮೇಲೆ ನೋಡಬೇಕು. ಹಳೆಯ ಹೋಂಡಾಗಳು ಇದಕ್ಕೆ ಉಲ್ಟಾ: ಬಿಸಿ ಮಾಡಿ, ಆಫ್ ಮಾಡಿ, ಒಂದೂವರೆ ನಿಮಿಷದೊಳಗೆ ನೋಡಬೇಕು. ನಿಮ್ಮದರಂಥ ಹೊಸ ಕಾಲದ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಡಿಪ್‌ಸ್ಟಿಕ್ಕೇ ಇರುವುದಿಲ್ಲ. ಕೆಳಗೆ ಒಂದು ಲೆವೆಲ್ ಬೋಲ್ಟ್ ಇರುತ್ತದೆ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ಆಯಿಲ್ ಬಿಸಿ ಎಷ್ಟು ಅಂತ ನೋಡುತ್ತಾ, ಕಂಪನಿ ಹೇಳಿದ ಡಿಗ್ರಿಗೆ ಬಂದಾಗ ಬೋಲ್ಟ್ ತೆಗೆಯಬೇಕು. ಎಂಜಿನ್ ಓಡುತ್ತಿರಬೇಕು. ಆಯಿಲ್ ಸಣ್ಣಗೆ ತೊಟ್ಟಿಕ್ಕಿದರೆ ಸರಿ. ಸ್ಕ್ಯಾನರ್ ಇಲ್ಲದೆ ‘ಅಂದಾಜಿಗೆ ಹಾಕಿದ್ದೀನಿ ಸಾರ್’ ಅನ್ನುವವರ ಕೈಗೆ ಈ ಕೆಲಸ ಕೊಡಬೇಡಿ.

ಲೆವೆಲ್ ಕಡಿಮೆ ಇದ್ದರೆ ಟಾಪ್‌ಅಪ್ ಮಾಡಿಸಿ ಸುಮ್ಮನಾಗಬೇಡಿ. ಈ ಆಯಿಲ್ ಎಂಜಿನ್ ಆಯಿಲ್‌ನ ಹಾಗೆ ಉರಿದು ಹೋಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ: ಪ್ಯಾನ್ ಗ್ಯಾಸ್ಕೆಟ್, ಕೂಲರ್ ಪೈಪ್, ಆಕ್ಸಲ್ ಸೀಲ್. ಜಾಸ್ತಿ ಹಾಕುವುದೂ ತಪ್ಪೇ. ತಿರುಗುವ ಭಾಗಗಳು ಆಯಿಲ್ ಕಲಕಿ ನೊರೆ ಬರುತ್ತದೆ, ನೊರೆಯಲ್ಲಿ ಗಾಳಿ ಇರುವುದರಿಂದ ಒತ್ತಡ ನಿಲ್ಲುವುದಿಲ್ಲ. ಅಂದರೆ ಕಡಿಮೆ ಇದ್ದಾಗಿನ ತೊಂದರೆಯೇ ಮತ್ತೆ.

ಈಗ 60ರ ನಡುಕ. ನನಗೆ ಇದು ಕನ್ವರ್ಟರ್ ಲಾಕ್‌ಅಪ್ ಕ್ಲಚ್‌ನ ಕೆಲಸ ಅಂತ ಅನಿಸುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ಕನ್ವರ್ಟರ್ ಒಳಗಿನ ಈ ಕ್ಲಚ್ ಹಿಡಿದು ಎಂಜಿನ್ನನ್ನೂ ಬಾಕ್ಸನ್ನೂ ನೇರವಾಗಿ ಜೋಡಿಸುತ್ತದೆ. ಅದು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದರೆ ನಡುಕ. ಪರೀಕ್ಷೆ ಸುಲಭ. ಹಿಂದೆ ಗಾಡಿ ಇಲ್ಲದ ಖಾಲಿ ರಸ್ತೆಯಲ್ಲಿ ನಡುಕ ಶುರುವಾದಾಗ, ಆಕ್ಸಿಲರೇಟರ್ ಬಿಡದೆ ಎಡಗಾಲಿನಿಂದ ಬ್ರೇಕ್ ಪೆಡಲ್ ಅನ್ನು ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಹೆಚ್ಚಿನ ಗಾಡಿಗಳಲ್ಲಿ ಬ್ರೇಕ್ ಸ್ವಿಚ್ ಆನ್ ಆದ ತಕ್ಷಣ ಲಾಕ್‌ಅಪ್ ಬಿಟ್ಟುಕೊಳ್ಳುತ್ತದೆ. ನಡುಕ ಆ ಕ್ಷಣಕ್ಕೆ ನಿಂತರೆ ತೊಂದರೆ ಅಲ್ಲೇ. ನಿಲ್ಲದಿದ್ದರೆ ಇಂಜೆಕ್ಟರ್, ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್ ಕಡೆ ನೋಡಿ. ಎಡಗಾಲು ಅಭ್ಯಾಸವಿಲ್ಲದಿದ್ದರೆ ಈ ಪರೀಕ್ಷೆ ಬೇಡ, ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಸ್ಕ್ಯಾನರ್‌ನಲ್ಲಿ ನೋಡಲಿ. ಸ್ಕ್ಯಾನರ್‌ನಲ್ಲಿ ಪಿ0741 ಅನ್ನುವ ದೋಷದ ಕೋಡ್ ಬಂದಿದ್ದರೆ ಅದೂ ಲಾಕ್‌ಅಪ್ ಕ್ಲಚ್ ಕಡೆಗೇ ಕೈ ತೋರಿಸುತ್ತದೆ.

ಈ ನಡುಕಕ್ಕೆ ಮಾತ್ರ ಆಯಿಲ್ ಬದಲಾವಣೆ ನಿಜವಾದ ಔಷಧಿ ಆಗಬಹುದು. ಅಮೆರಿಕದ ಉದಾಹರಣೆ ಒಂದಿದೆ. ಜನರಲ್ ಮೋಟರ್ಸ್‌ನ 8 ಸ್ಪೀಡ್ ಬಾಕ್ಸ್, ಅಂದರೆ 8ಎಲ್90 ಮತ್ತು 8ಎಲ್45, ಸಿಲ್ವರಾಡೊ, ಕೊಲರಾಡೊದಂಥ ಪಿಕಪ್ ಟ್ರಕ್‌ಗಳಲ್ಲಿ ಇದೇ ಥರ ನಡುಗುತ್ತಿತ್ತು. ಕಂಪನಿಯ ಆಯಿಲ್ ತೇವ ಹೀರಿಕೊಂಡು ಕ್ಲಚ್ ಹಿಡಿಯುವ ಗುಣ ಕೆಡುತ್ತಿತ್ತು. ಕೊನೆಗೆ ಬೇರೆ ಆಯಿಲ್ ತಯಾರಿಸಿ, ಹಳೆಯದನ್ನು ಪೂರ್ತಿ ಹೊರತೆಗೆದು ಹೊಸದು ತುಂಬಿ ಅಂತ ಡೀಲರ್‌ಗಳಿಗೆ ಹೇಳಿದರು. ಎಟಿಎಫ್, ಅಂದರೆ ಆಟೊಮ್ಯಾಟಿಕ್ ಬಾಕ್ಸ್‌ನ ಈ ಆಯಿಲ್, ಬರೀ ನುಣುಪಿನ ಎಣ್ಣೆಯಲ್ಲ. ಕ್ಲಚ್ ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಅನ್ನುವುದೂ ಅದರೊಳಗಿನ ರಾಸಾಯನಿಕದ ಮೇಲಿದೆ. 1970ರ ದಶಕದ ಶುರುವಿನವರೆಗೂ ಅಮೆರಿಕದಲ್ಲಿ ಇದಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು ಅಂದರೆ ನಂಬ್ತೀರಾ? ಪ್ರಾಣಿ ಸಂರಕ್ಷಣೆಯ ಕಾನೂನು ಬಂದ ಮೇಲೆ ನಿಂತಿತು.

ಹಾಗಾಗಿ ಗ್ರೇಡ್ ವಿಷಯದಲ್ಲಿ ರಾಜಿ ಬೇಡ. ಟೊಯೊಟಾ ಡಬ್ಲ್ಯೂಎಸ್ ಬೇರೆ, ಹ್ಯುಂಡೈ ಎಸ್‌ಪಿ-4 ಬೇರೆ, ಹೋಂಡಾ ಡಿಡಬ್ಲ್ಯೂ-1 ಬೇರೆ. ಗೇರ್ ಬದಲು ಬೆಲ್ಟ್ ಮೇಲೆ ಓಡುವ ಸಿವಿಟಿ ಬಾಕ್ಸ್‌ನದಂತೂ ಪೂರ್ತಿ ಬೇರೆ ಜಾತಿ. ‘ಎಲ್ಲಾ ಗಾಡಿಗೂ ಆಗುತ್ತೆ’ ಅನ್ನುವ ಡಬ್ಬ ನಾನು ಮುಟ್ಟುವುದಿಲ್ಲ. ಇದನ್ನು ಓದುತ್ತಿರುವ ಎಎಂಟಿ ಗಾಡಿಯವರಿಗೆ ಒಂದು ಮಾತು: ನಿಮ್ಮ ಗಾಡಿಗೆ ಈ ಉತ್ತರ ಅನ್ವಯಿಸಲ್ಲ. ನಿಮ್ಮದು ಮಾಮೂಲಿ ಮ್ಯಾನುಯಲ್ ಬಾಕ್ಸ್, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ.

ಮುಟ್ಟಬೇಡಿ ಅಂದ ಮೆಕ್ಯಾನಿಕ್ ಸುಳ್ಳು ಹೇಳಿಲ್ಲ. ಅವರು ಕಂಡಿದ್ದನ್ನೇ ಹೇಳಿದ್ದಾರೆ. ಆದರೆ ಜನ ಆಯಿಲ್ ನೆನಪು ಮಾಡಿಕೊಳ್ಳುವುದೇ ಬಾಕ್ಸ್ ಸ್ಲಿಪ್ ಆಗೋಕೆ ಶುರುವಾದ ಮೇಲೆ. ಆಗ ಪ್ಲೇಟ್ ಸುಟ್ಟು ಹೋಗಿರುತ್ತವೆ. ಹೊಸ ಆಯಿಲ್ ಹಾಕಿದ ವಾರಕ್ಕೆ ಬಾಕ್ಸ್ ಕೈಕೊಡುತ್ತದೆ, ಕೆಟ್ಟ ಹೆಸರು ಆಯಿಲ್‌ಗೆ ಬರುತ್ತದೆ. ಇನ್ನು ‘ಲೈಫ್‌ಟೈಮ್ ಆಯಿಲ್’, ಅಂದರೆ ಬದಲಿಸುವುದೇ ಬೇಡ ಅನ್ನುವ ಮಾತು. ಎಷ್ಟೋ ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ತನ್ನ ಬಾಕ್ಸ್‌ಗಳಿಗೆ 80,000ರಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೆ ಬದಲಿಸಿ ಅನ್ನುತ್ತದೆ. ಭರ್ತಿ ಲೋಡ್ ಹಾಕಿ ಶಿರಾಡಿ, ಚಾರ್ಮಾಡಿ ಹತ್ತಿ ಇಳಿಯುವ ಗಾಡಿಗೆ, ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳುವ ಗಾಡಿಗೆ ಇನ್ನೂ ಬೇಗ ಬೇಕು. ಈ ಆಯಿಲ್‌ಗೆ ಶತ್ರು ಅಂದರೆ ಬಿಸಿ.

ನಿಮ್ಮ ಗಾಡಿಯಲ್ಲಿ ನಾನಾದರೆ ಹೀಗೆ ಮಾಡುತ್ತೇನೆ. ಮೊದಲು ಒಂದಿಷ್ಟು ಆಯಿಲ್ ತೆಗೆದು ಬಿಳಿ ಬಟ್ಟೆ ಮೇಲೆ ಹಾಕಿ ನೋಡುತ್ತೇನೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಹೆದರಿಕೆ ಇಲ್ಲ, ಓಡಿದ ಆಯಿಲ್ ಹಾಗೇ ಇರುತ್ತದೆ. ಕಪ್ಪಗಿದ್ದು ಸುಟ್ಟ ವಾಸನೆ ಹೊಡೆದರೆ ಕ್ಲಚ್ ಸುಟ್ಟಿದೆ. ರೋಸ್ ಮಿಲ್ಕ್ ಥರ ಕಂಡರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲೆಂಟ್ ಬೆರೆತಿದೆ. ಆಗ ಸ್ಟಾರ್ಟೂ ಮಾಡಬೇಡಿ, ಫ್ಲ್ಯಾಟ್‌ಬೆಡ್ ಮೇಲೆ ಹಾಕಿಸಿ ತನ್ನಿ. ಕೂಲೆಂಟ್ ಪ್ಲೇಟ್ ಮೇಲಿನ ಲೈನಿಂಗ್ ಅನ್ನೇ ಬಿಡಿಸಿಬಿಡುತ್ತದೆ.

ಹೀಗೇನೂ ಇಲ್ಲದಿದ್ದರೆ ಪ್ಯಾನ್ ಬಿಚ್ಚಿ, ಫಿಲ್ಟರ್ ಹೊರಗೆ ತೆಗೆಯುವಂಥದ್ದಾದರೆ ಬದಲಿಸಿ, ಡ್ರೇನ್ ಮಾಡಿ ತುಂಬಿಸುತ್ತೇನೆ. ಒಂದು ಸಲಕ್ಕೆ ಸುಮಾರು 40 ಶೇಕಡಾ ಹಳೆ ಆಯಿಲ್ ಮಾತ್ರ ಹೊರಬರುತ್ತದೆ, ಉಳಿದದ್ದು ಕನ್ವರ್ಟರ್, ಕೂಲರ್‌ಗಳಲ್ಲೇ ಇರುತ್ತದೆ. ಆ ಲೆಕ್ಕದಲ್ಲಿ ಮೂರು ಸಲ ಮಾಡಿದರೂ ಐದರಲ್ಲೊಂದು ಭಾಗ ಹಳೆಯದೇ. ನಡುನಡುವೆ ಕೆಲವು ನೂರು ಕಿ.ಮೀ. ಓಡಿಸಿ ಮಾಡಿಸಿ. ನಿಮ್ಮಷ್ಟು ಓಡಿದ ಗಾಡಿಗೆ ಮೆಷಿನ್ ಹಾಕಿ ಹಳೆ ಆಯಿಲ್ ಎಲ್ಲ ಒಟ್ಟಿಗೇ ತಳ್ಳಿಸುವ ಫ್ಲಶ್‌ಗಿಂತ ನನಗೆ ಇದೇ ಇಷ್ಟ.

ಪ್ಯಾನ್‌ನಲ್ಲಿರುವ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ದರೆ ಅದು ಮಾಮೂಲಿ. ಚೂರು, ಚಕ್ಕೆ ಕಂಡರೆ ಆಯಿಲ್‌ಗೆ ದುಡ್ಡು ಸುರಿಯಬೇಡಿ. ಬಿಚ್ಚಿಸುವಾಗ ಎದುರಿಗೇ ಇದ್ದು ಆ ಆಯಸ್ಕಾಂತದ ಫೋಟೊ ತೆಗೆದು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.